ಪುಟ್ಟ ಪಾದಕ್ಕೊಂದು ಹಿಮದ ಹಲಗೆ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನನ್ನು ಜನ ಏನೇನು ಕೇಳಬಹುದೆಂಬುದಕ್ಕೆ ಮಿತಿಯಿಲ್ಲ. ಮಗುವಿಗೆ ಹೆಸರಿಡಬೇಕಾದರೆ ನನ್ನನ್ನು ಕೇಳುತ್ತಾರೆ. ಹೊಸ ಮನೆಗೆ ಹೆಸರು ಬೇಕಾದರೂ ನನ್ನನ್ನೇ ಕೇಳುತ್ತಾರೆ. ಮದುವೆಯ ಕರೆಯೋಲೆಯಲ್ಲಿ ‘ಆಗಮಿಸಿ’ ಎಂದಿರಬೇಕೋ ‘ದಯಮಾಡಿಸಿ’ ಎಂದಿರಬೇಕೋ ಎಂಬ ಬೀಗರ ಜಗಳ ಕೊನೆಗೆ ತೀರ್ಮಾನಕ್ಕೆ ಬರುವುದು ನಮ್ಮ ಮನೆಯ ಜಗುಲಿಗೇ. ಇವೆಲ್ಲಕ್ಕೂ ಹೇಗೋ ಉತ್ತರ ಹೇಳಿ ಮಾನ ಉಳಿಸಿಕೊಂಡು ಬಂದಿದ್ದವನು ನಾನು. ಆದರೆ ಕಳೆದ ಚಳಿಗಾಲದಲ್ಲಿ ಬಂದ ಪ್ರಶ್ನೆಯೊಂದು ನನ್ನ ಪಾಂಡಿತ್ಯವನ್ನೆಲ್ಲ ಗಾಳಿಗೆ ತೂರಿಬಿಟ್ಟಿತು. ಐದಡಿಗೆ ಒಂದಂಗುಲ ಕಡಿಮೆ ಎತ್ತರವಿರುವ ಹುಡುಗಿಯೊಬ್ಬಳು ಹಿಮದ ಮೇಲೆ ಜಾರುತ್ತ, ನೆಗೆಯುತ್ತ, ಗಾಳಿಯಲ್ಲಿ ತಿರುಗುತ್ತ ಆಡಬೇಕಾದರೆ ಎಂಥ ಹಲಗೆಯನ್ನು ಕೊಳ್ಳಬೇಕು? ಹಿಮವೆಂಬುದನ್ನು ಫ್ರಿಜ್ಜಿನ ಮೇಲಂತಸ್ತಿನಲ್ಲಿ ಬಿಟ್ಟರೆ ಬೇರೆಲ್ಲಿಯೂ ಕಾಣದ ಮೈಸೂರಿನವನಿಗೆ ಈ ಪ್ರಶ್ನೆ!

ಪ್ರಶ್ನೆ ನೇರವಾಗಿ ಬಂದದ್ದಲ್ಲ, ಅಕ್ಕನ ಅಳುವಿನ ಬೆನ್ನು ಹತ್ತಿ ಬಂದದ್ದು. ನನ್ನ ಅಕ್ಕನ ಮಗಳು ಮೇಘನಾ ಎರಡು ವರ್ಷದಿಂದ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ ಓದುತ್ತಿದ್ದಾಳೆ. ಡಿಸೆಂಬರಿನ ಒಂದು ಬೆಳಗ್ಗೆ ಅಕ್ಕ ಫೋನು ಮಾಡಿದಳು.

“ಏನೋ, ನೀನೇ ಅವಳಿಗೆ ಸ್ವಲ್ಪ ಬುದ್ಧಿ ಹೇಳೋ. ನನ್ನ ಮಾತನ್ನ ಕಿವಿಗೇ ಹಾಕಿಕೊಳ್ಳೋಲ್ಲ. ಅಲ್ಲಿಗೆ ಹೋದದ್ದು ಓದೋದಕ್ಕೆ, ಮಂಜಿನ ಮೇಲೆ ಬಿದ್ದು ಕೈ ಮುರಿದುಕೊಳ್ಳೋದಕ್ಕಲ್ಲ. ನಾಲ್ಕು ಅಡಿ ಹನ್ನೊಂದು ಅಂಗುಲದ ಹುಡುಗಿ, ನಲವತ್ತನಾಲ್ಕು ಕಿಲೋ ತೂಕ. ಅದೆಲ್ಲ ಆ ದೇಶದ ಆಳೆತ್ತರದ ಜನಕ್ಕೆ ಸರಿ ಕಣೋ. ನಮಗ್ಯಾಕೆ?”

ಎಡಗೈಯ ಮಣಿಕಟ್ಟು ಬಿರುಕು ಬಿಟ್ಟಿತ್ತು. ಆರು ವಾರ ಕಟ್ಟು. ಸೋದರಮಾವನ ಅಧಿಕಾರವನ್ನು ಚಲಾಯಿಸಲು ಸಿದ್ಧನಾಗಿ ನಾನು ಫೋನು ಹಚ್ಚಿದೆ. ಪರದೆಯ ಮೇಲೆ ಬಿಳಿಯ ಕಟ್ಟು, ಅದರ ಹಿಂದೆ ಅವಳ ನಗು.

“ಬೈಯೋದಿದ್ದರೆ ಮೊದಲು ಬೈದುಬಿಡು ಮಾಮ. ಆಮೇಲೆ ನಿನ್ನನ್ನ ಒಂದು ಮಾತು ಕೇಳಬೇಕು.”

ಬೈದೆ. ಆಮೇಲೆ ಅವಳು ಕೇಳಿದಳು: “ಬಿದ್ದದ್ದಕ್ಕೆ ನನಗೆ ಬೇಜಾರಿಲ್ಲ. ಎಲ್ಲರೂ ಬೀಳ್ತಾರೆ. ಆದರೆ ಆ ಹಲಗೆ ನನ್ನ ಮಾತನ್ನೇ ಕೇಳ್ತಿರಲಿಲ್ಲ ಮಾಮ. ತಿರುಗು ಅಂದರೆ ತಿರುಗೋದಿಲ್ಲ, ನಿಲ್ಲು ಅಂದರೆ ನಿಲ್ಲೋದಿಲ್ಲ. ಇದು ನನ್ನ ಕೈಲಾಗದ ಆಟವೋ, ಇಲ್ಲ ಹಲಗೆಯೇ ನನ್ನದಲ್ಲವೋ, ಅದೊಂದು ಗೊತ್ತಾದರೆ ಸಾಕು. ಕೈಲಾಗದ್ದು ಅಂತಾದರೆ ಅಮ್ಮನ ಮಾತಿನ ಹಾಗೆ ಬಿಟ್ಟುಬಿಡ್ತೀನಿ.”

ಬುದ್ಧಿ ಹೇಳಹೋದವನು ಹೀಗೆ ವಿಚಾರಣೆಗೆ ಕುಳಿತೆ. ತಪ್ಪಿತಸ್ಥ ಹುಡುಗಿಯೋ ಹಲಗೆಯೋ ಎಂಬುದನ್ನು ತಿಳಿಯದೆ ತೀರ್ಪು ಕೊಡುವುದು ನ್ಯಾಯವಲ್ಲವಷ್ಟೆ. ಮೂರು ತಿಂಗಳ ಕಾಲ ನಾನು ಓದಿ, ಕೇಳಿ, ನನ್ನ ಸಹೋದ್ಯೋಗಿಗಳನ್ನು ಪೀಡಿಸಿ ಕಲಿತದ್ದನ್ನು ಈ ವಾರ ಓದುಗರ ಮುಂದಿಡುತ್ತೇನೆ. ನಮ್ಮ ಊರಿನ ಎಷ್ಟೋ ಮನೆಗಳ ಮಕ್ಕಳು ಇಂದು ಹಿಮ ಬೀಳುವ ನಾಡುಗಳಲ್ಲಿದ್ದಾರೆ. ನಮ್ಮ ದೇಶದಲ್ಲೇ ಕಾಶ್ಮೀರದ ಗುಲ್ಮಾರ್ಗಿನಲ್ಲಿ 2020ರಿಂದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದೆ. ಕಾಫಿಯ ನಾಡಾದ ಕೊಡಗಿನಿಂದ ಹೋದ ಭವಾನಿ ತೆಕ್ಕಡ ನಂಜುಂಡ ಅಲ್ಲಿ ಸ್ಕೀ ಓಟದಲ್ಲಿ ಪದಕಗಳನ್ನು ಗೆದ್ದಿದ್ದಾಳೆ. ಆದ್ದರಿಂದ ‘ನಮಗ್ಯಾಕೆ’ ಎಂಬ ಅಕ್ಕನ ಮಾತು ಮೊದಲಿನಷ್ಟು ಗಟ್ಟಿಯಾಗಿ ಈಗ ನಿಲ್ಲುವುದಿಲ್ಲ.

ಮೊದಲು ವಸ್ತುವಿನ ಪರಿಚಯವಾಗಲಿ. ಸ್ಕೀ ಎಂದರೆ ಕಾಲಿಗೊಂದರಂತೆ ಎರಡು ಪಟ್ಟಿ. ಸ್ನೋಬೋರ್ಡ್ ಎಂದರೆ ಎರಡು ಕಾಲಿಗೂ ಸೇರಿ ಒಂದೇ ಹಲಗೆ. ಅದರ ಮೇಲೆ ಅಡ್ಡಲಾಗಿ ನಿಂತು, ಬೂಟುಗಳನ್ನು ಬೈಂಡಿಂಗ್ ಎಂಬ ಪಟ್ಟಿಗಳಿಂದ ಬಿಗಿದುಕೊಂಡು ಇಳಿಜಾರಿನಲ್ಲಿ ಸಾಗಬೇಕು. ಹಲಗೆಯ ಒಳಗೆ ಮರದ ತಿರುಳು, ಅದರ ಮೇಲೂ ಕೆಳಗೂ ಗಾಜಿನ ನೂಲಿನ ಪದರ, ಅಡಿಯಲ್ಲಿ ನುಣುಪಾದ ಪ್ಲಾಸ್ಟಿಕ್ಕು, ಸುತ್ತಲೂ ಉಕ್ಕಿನ ಅಂಚು. ಈ ಅಂಚನ್ನು ಹಿಮಕ್ಕೆ ಒತ್ತಿಯೇ ತಿರುಗುವುದು, ಒತ್ತಿಯೇ ನಿಲ್ಲುವುದು. ಸುಮ್ಮನೆ ಬೆಟ್ಟವಿಳಿಯುವುದು ಒಂದು ಬಗೆಯ ಆಟವಾದರೆ, ಹಿಮವನ್ನು ಒಟ್ಟಿ ಕಟ್ಟಿದ ದಿಬ್ಬದಿಂದ ನೆಗೆಯುವುದು, ಪೆಟ್ಟಿಗೆಗಳ ಮತ್ತು ಕಂಬಿಗಳ ಮೇಲೆ ಜಾರುವುದು, ಮುಂದುಮುಂದಾಗಿಯೂ ಹಿಂದುಹಿಂದಾಗಿಯೂ ಸಮನಾಗಿ ಸಾಗುವುದು ಇನ್ನೊಂದು ಬಗೆ. ಇದಕ್ಕೆ ಫ್ರೀಸ್ಟೈಲ್ ಎಂದು ಹೆಸರು. ಮೇಘನಾಳ ಮನಸ್ಸು ಹೋದದ್ದು ಈ ಎರಡನೆಯದರ ಮೇಲೆ.

ಇದರ ಚರಿತ್ರೆಯನ್ನು ಓದುವಾಗ ನನಗೆ ಅಚ್ಚರಿಯೊಂದು ಕಾದಿತ್ತು. 1965ರ ಕ್ರಿಸ್ಮಸ್ ದಿನ. ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರು. ಶರ್ಮನ್ ಪಾಪೆನ್ ಎಂಬ ಎಂಜಿನಿಯರನ ಹೆಂಡತಿ ತುಂಬು ಬಸುರಿ; ಮನೆಯಲ್ಲಿ ಗಲಾಟೆಯೆಬ್ಬಿಸುತ್ತಿದ್ದ ಹೆಣ್ಣುಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿರೆಂದು ಗಂಡನಿಗೆ ಹೇಳಿದಳು. ಹೊರಗೆ ಹಿಮದ ದಿಬ್ಬ. ಹಿರಿಯ ಮಗಳು ಜಾರುಗಾಡಿಯ ಮೇಲೆ ಕೂರುವ ಬದಲು ನಿಂತು ಇಳಿಯಲು ಹವಣಿಸುತ್ತಿದ್ದುದನ್ನು ತಂದೆ ನೋಡಿದ. ಒಳಗೆ ಹೋಗಿ ಎರಡು ಸ್ಕೀಗಳನ್ನು ಪಕ್ಕಪಕ್ಕದಲ್ಲಿಟ್ಟು ಅಡ್ಡಪಟ್ಟಿ ಹೊಡೆದು ಜೋಡಿಸಿ ತಂದ. ಅದರ ಮೇಲೆ ಮಕ್ಕಳು ನಿಂತು ಇಳಿದರು. ಹಿಮದ ‘ಸ್ನೋ’ ಮತ್ತು ಕಡಲಲೆಯ ಮೇಲಿನ ಆಟವಾದ ‘ಸರ್ಫ್’ ಎರಡನ್ನೂ ಕೂಡಿಸಿ ‘ಸ್ನರ್ಫರ್’ ಎಂದು ಹೆಸರಿಟ್ಟವಳು ಆ ಗೃಹಿಣಿಯೇ. ಇದಕ್ಕೆ ಎರಡು ವರ್ಷ ಮೊದಲೇ ಟಾಮ್ ಸಿಮ್ಸ್ ಎಂಬ ಶಾಲಾಬಾಲಕ ಮರಗೆಲಸದ ತರಗತಿಯಲ್ಲಿ ಇಂಥದೊಂದನ್ನು ಮಾಡಿದ್ದನೆಂದು ಹೇಳುವುದುಂಟು. ಮೊದಲಿಗರು ಯಾರೆಂಬ ವಾದ ಎಲ್ಲ ಆವಿಷ್ಕಾರಗಳಿಗೂ ಇದ್ದದ್ದೇ. ಆದರೆ ಅಂಗಡಿಗೆ ಬಂದು ಮನೆಮನೆ ತಲುಪಿದ್ದು ಪಾಪೆನ್ನನ ಹಲಗೆ. ಅದು ಹುಟ್ಟಿದ್ದು ಪುಟ್ಟ ಹುಡುಗಿಯರಿಗಾಗಿ.

ಮುಂದೆ ಕತೆ ಬೇರೆಯಾಯಿತು. ಜೇಕ್ ಬರ್ಟನ್ ಕಾರ್ಪೆಂಟರ್ ಎಂಬಾತ 1977ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹಲಗೆ ಮಾಡುವ ಕಂಪನಿ ತೆರೆದ. 1979ರಲ್ಲಿ ಕಾಲನ್ನು ಬಿಗಿಯುವ ಪಟ್ಟಿಯುಳ್ಳ ತನ್ನದೇ ಹಲಗೆಯೊಂದಿಗೆ ಮಸ್ಕೀಗನ್ನಿನ ಸ್ನರ್ಫರ್ ಸ್ಪರ್ಧೆಗೆ ಬಂದಾಗ ಕೆಲವರು ತಕರಾರೆತ್ತಿದರಂತೆ. ಅವನಿಗಾಗಿ ಬೇರೆಯ ವಿಭಾಗವನ್ನೇ ಮಾಡಬೇಕಾಯಿತು. ಆಟ ಬೆಳೆಯಿತು, ಹಲಗೆ ಸುಧಾರಿಸಿತು. ಸುಧಾರಣೆಯೆಲ್ಲ ನಡೆದದ್ದು ಬಹುಮಟ್ಟಿಗೆ ಎಪ್ಪತ್ತು ಎಂಬತ್ತು ಕಿಲೋ ತೂಗುವ ಗಂಡಸರ ಕಾಲಡಿಯಲ್ಲಿ. ಹೆಣ್ಣುಮಕ್ಕಳು ಅಣ್ಣನ ಹಲಗೆಯನ್ನೋ ಗೆಳೆಯನ ಹಲಗೆಯನ್ನೋ ಏರಿ ಕಲಿತರು. 1990ರ ದಶಕದ ನಡುವೆ ಷ್ಯಾನನ್ ಡನ್ ಎಂಬಾಕೆಯ ಹೆಸರಿನಲ್ಲಿ, ಹೆಂಗಸರ ಪಾದಕ್ಕೆ ಹೊಂದುವ ಕಿರುನಡುವಿನ ಹಲಗೆಯೊಂದು ಬಂದಿತು. ತಂದದ್ದು ಅದೇ ಸಿಮ್ಸನ ಹೆಸರಿನ ಕಂಪನಿ. 1998ರಲ್ಲಿ ಸ್ನೋಬೋರ್ಡ್ ಮೊದಲ ಬಾರಿಗೆ ಒಲಿಂಪಿಕ್ಸನ್ನು ಪ್ರವೇಶಿಸಿದಾಗ ಜಪಾನಿನ ನಾಗಾನೊದಲ್ಲಿ ಈಕೆ ಕಂಚಿನ ಪದಕ ಪಡೆದಳು. ಹುಡುಗಿಯರಿಗಾಗಿ ಹುಟ್ಟಿದ ವಸ್ತು ಹುಡುಗಿಯರ ಅಳತೆಗೆ ಮರಳಿ ಬರಲು ಮೂವತ್ತು ವರ್ಷ ಹಿಡಿಯಿತು ನೋಡಿ.

ಈಗ ನಮ್ಮ ಹುಡುಗಿಯ ಮೊಕದ್ದಮೆ. ಅವಳು ಬಿದ್ದ ದಿನ ಕಾಲಿಗೆ ಕಟ್ಟಿಕೊಂಡಿದ್ದುದು ಸಹಪಾಠಿಯೊಬ್ಬನ 154 ಸೆಂಟಿಮೀಟರಿನ ಹಲಗೆ. ನೆಲಕ್ಕೆ ನಿಲ್ಲಿಸಿದರೆ ಅವಳ ನೆತ್ತಿಗಿಂತ ನಾಲ್ಕು ಸೆಂಟಿಮೀಟರು ಎತ್ತರ! “ದೊಡ್ಡದಾದರೂ ಚಿಂತೆಯಿಲ್ಲ, ಅಭ್ಯಾಸವಾಗುತ್ತೆ” ಎಂದು ಅವನು ಹೇಳಿದನಂತೆ. ಜೂನ್ ತಿಂಗಳಲ್ಲಿ ನಮ್ಮ ತಾಯಂದಿರು ‘ಬೆಳೆಯೋ ಮಕ್ಕಳು’ ಎಂದು ಎರಡು ಅಳತೆ ದೊಡ್ಡದಾದ ಯೂನಿಫಾರಂ ಹೊಲಿಸುತ್ತಾರಲ್ಲ, ಅದೇ ನ್ಯಾಯ. ಆದರೆ ಯೂನಿಫಾರಮ್ಮಿನ ತೋಳು ಉದ್ದವಾದರೆ ಮಡಿಸಿಕೊಳ್ಳಬಹುದು. ಇಪ್ಪತ್ತೆರಡು ವರ್ಷದ ಹುಡುಗಿ ಇನ್ನು ಬೆಳೆಯುವುದಿಲ್ಲ, ಹಲಗೆಯನ್ನು ಮಡಿಸುವಂತೆಯೂ ಇಲ್ಲ.

‘ಹಾಗಾದರೆ ಗಿಡ್ಡ ಹಲಗೆ ಕೊಂಡರಾಯಿತು’ ಎಂದು ನೀವು ಹೇಳುವಿರಿ. ನಾನೂ ಹಾಗೆಯೇ ಎಂದುಕೊಂಡಿದ್ದೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟರು ಆ ಭ್ರಮೆಯನ್ನು ಕಳೆದರು. ಸ್ಟಾಫ್ ರೂಮಿನ ಮೇಜಿನಂಚಿಗೆ ಉಕ್ಕಿನ ಅಡಿಪಟ್ಟಿಯನ್ನು ಒತ್ತಿಹಿಡಿದು, ಪೂರ್ತಿ ಹೊರಚಾಚಿ ತುದಿಯನ್ನು ಮೀಟಿದರು, ಚೆನ್ನಾಗಿ ಬಾಗಿತು. ಅರ್ಧ ಒಳಕ್ಕೆ ಎಳೆದುಕೊಂಡು ಮೀಟಿದರು. ಬೆರಳು ನೊಂದಿತೇ ಹೊರತು ಪಟ್ಟಿ ಬಾಗಲಿಲ್ಲ. “ನೋಡಿ ಸಾರ್, ಪಟ್ಟಿ ಅದೇ, ದಪ್ಪ ಅದೇ. ಉದ್ದ ಕಡಿಮೆಯಾದರೆ ಬಾಗುವಿಕೆ ಉದ್ದದ ಘನದ ಲೆಕ್ಕದಲ್ಲಿ ಕಡಿಮೆಯಾಗುತ್ತೆ” ಎಂದರು. ಹಾಗೆಯೇ ಕಾಗದದ ಮೇಲೆ ಗುಣಿಸಿಯೂ ತೋರಿಸಿದರು. 154ರ ಹಲಗೆಯನ್ನು ಅದೇ ದಪ್ಪದಲ್ಲಿ 139ಕ್ಕೆ ಇಳಿಸಿದರೆ, ಅದೇ ಭಾರಕ್ಕೆ ಅದು ಕಾಲುಭಾಗದಷ್ಟು ಕಡಿಮೆ ಬಾಗುತ್ತದೆ. ಇನ್ನು ಅದರ ಮೇಲೆ ನಿಲ್ಲುವವಳು ಎಪ್ಪತ್ತೈದು ಕಿಲೋದ ಯುವಕನಲ್ಲ, ನಲವತ್ತನಾಲ್ಕು ಕಿಲೋದ ಹುಡುಗಿ. ಎರಡನ್ನೂ ಸೇರಿಸಿದರೆ ಅವನಿಗೆ ಬಾಗಿದ್ದರಲ್ಲಿ ಅರ್ಧದಷ್ಟೂ ಇವಳಿಗೆ ಬಾಗುವುದಿಲ್ಲ. ನಿಜವಾದ ಹಲಗೆ ಅಡಿಪಟ್ಟಿಯಂತೆ ಉದ್ದಕ್ಕೂ ಒಂದೇ ದಪ್ಪವಿರುವುದಿಲ್ಲವಾದ್ದರಿಂದ ಇದು ಸ್ಥೂಲವಾದ ಲೆಕ್ಕ. ಆದರೂ ದಾರಿ ತೋರಿಸಲು ಸಾಕು.

ದಪ್ಪದ ವಿಷಯದಲ್ಲೂ ಇದೇ ಘನದ ಲೆಕ್ಕವೇ; ತಿರುಳನ್ನು ಹತ್ತರಲ್ಲೊಂದು ಪಾಲು ತೆಳುವಾಗಿಸಿದರೆ ಬಿಗುವು ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಆದ್ದರಿಂದ ಚಿಕ್ಕ ಮೈಯವರ ಒಳ್ಳೆಯ ಹಲಗೆಯೆಂದರೆ ದೊಡ್ಡ ಹಲಗೆಯನ್ನು ಕತ್ತರಿಸಿ ಹೂವಿನ ಚಿತ್ರ ಬಿಡಿಸಿದ್ದಲ್ಲ. ತಿರುಳು, ನೂಲು, ಅಗಲ, ಬಾಗು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಮಾಡಿದ್ದು. ಬಾಗದ ಹಲಗೆಯಿಂದ ಫ್ರೀಸ್ಟೈಲ್ ಆಟಗಾರ್ತಿಗೆ ಎರಡು ಕೇಡು. ಅವಳು ನೆಗೆಯುವುದು ಹಲಗೆಯ ಬಾಲವನ್ನು ಬಾಗಿಸಿ, ಅದು ಚಿಮ್ಮುವಾಗ ಜೊತೆಗೆ ಏಳುವುದರಿಂದ. ಬಾಗದಿದ್ದರೆ ಚಿಮ್ಮುವುದೆಲ್ಲಿ ಬಂತು? ಮತ್ತೆ, ಎರಡು ಪಾದಗಳನ್ನೂ ಬೇರೆಬೇರೆಯಾಗಿ ಒತ್ತಿ ಹಲಗೆಯನ್ನು ಒದ್ದೆಬಟ್ಟೆ ಹಿಂಡುವಂತೆ ಸ್ವಲ್ಪ ತಿರುಚುವುದರಿಂದ ತಿರುವು ಮೊದಲಾಗುತ್ತದೆ. ತಿರುಚದ ಹಲಗೆಗೆ ಎಷ್ಟು ಹೇಳಿದರೂ ಕೇಳಿಸುವುದಿಲ್ಲ. “ನನ್ನ ಮಾತನ್ನೇ ಕೇಳ್ತಿರಲಿಲ್ಲ” ಎಂದು ಮೇಘನಾ ಹೇಳಿದ್ದು ಅಕ್ಷರಶಃ ನಿಜ.

ಇದಕ್ಕಿಂತಲೂ ಹೆಚ್ಚಾಗಿ ಜನ ಮರೆಯುವುದು ಅಗಲವನ್ನು. ಹಲಗೆಯ ಎರಡು ತುದಿ ಅಗಲ, ನಡು ಕಿರಿದು. ಆ ನಡುವಿನ ಅಳತೆಯನ್ನು ಕಂಪನಿಗಳು ಮಿಲಿಮೀಟರಿನಲ್ಲಿ ಕೊಡುತ್ತವೆ. ಗಂಡಸರ ಸಾಮಾನ್ಯ ಹಲಗೆಗೆ ಸುಮಾರು 25 ಸೆಂಟಿಮೀಟರು. ಕಾಲಿಡುವ ಜಾಗದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮೇಘನಾಳ ಪಾದದ ಉದ್ದ 22 ಸೆಂಟಿಮೀಟರು. ಬೂಟು ಸೇರಿ ಇಪ್ಪತ್ತಾರು ಎಂದಿಟ್ಟುಕೊಳ್ಳಿ. ಕಾಲನ್ನು ಹದಿನೈದು ಡಿಗ್ರಿ ಓರೆಯಾಗಿ ಇಡುವುದರಿಂದ ಹಲಗೆಯ ಅಡ್ಡಳತೆಯಲ್ಲಿ ಅದು ಆಕ್ರಮಿಸುವುದು ಇಪ್ಪತ್ತೈದೇ. ಎಂದರೆ ಗೆಳೆಯನ ಹಲಗೆಯ ಮೇಲೆ ಅವಳ ಬೂಟು ಅಂಚನ್ನೇ ಮುಟ್ಟುತ್ತಿರಲಿಲ್ಲ! ಬಾಗಿಲನ್ನು ಹಿಡಿಯ ಬಳಿ ನೂಕಿದರೆ ಬೆರಳ ತುದಿ ಸಾಕು. ಕೀಲಿನ ಹತ್ತಿರ ನೂಕಿ ನೋಡಿ, ಮೈಭಾರವೆಲ್ಲ ಹಾಕಬೇಕು. ಅವಳು ಮೂರು ಗಂಟೆ ಕಾಲ ಕೀಲಿನ ಹತ್ತಿರ ನೂಕಿದ್ದಳು. ಬೂಟಿನ ತುದಿ ಮತ್ತು ಹಿಮ್ಮಡಿ ಅಂಚಿನಿಂದ ಒಂದೆರಡು ಸೆಂಟಿಮೀಟರಿಗೆ ಮೀರದಂತೆ ಸ್ವಲ್ಪವೇ ಹೊರಚಾಚಿರಬೇಕು. ತೀರ ಹೆಚ್ಚು ಚಾಚಿದರೆ ತಿರುವಿನಲ್ಲಿ ಬೂಟು ಹಿಮಕ್ಕೆ ತಗುಲಿ ಬೀಳುವ ಭಯ; ಅದು ದೊಡ್ಡ ಪಾದದವರ ಕಷ್ಟ. ನಮ್ಮ ಹುಡುಗಿಯಂಥವರಿಗೆ ನಡು 23 ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ಹಿತ.

ಇಷ್ಟು ತಿಳಿದ ಮೇಲೆ ‘ಹಲಗೆ ಗದ್ದಕ್ಕೂ ಮೂಗಿಗೂ ನಡುವೆ ಬಂದರೆ ಸರಿ’ ಎಂಬ ಹಳೆಯ ಸೂತ್ರದ ಬೆಲೆ ಎಷ್ಟೆಂಬುದು ನಿಮಗೇ ಗೊತ್ತಾಗುತ್ತದೆ. ಹಲಗೆಗೆ ತನ್ನ ಮೇಲೆ ನಿಂತವರ ಮೂಗು ಎಲ್ಲಿದೆಯೆಂದು ತಿಳಿಯದು; ಅದಕ್ಕೆ ತಿಳಿಯುವುದು ಭಾರ ಮತ್ತು ಪಾದ. ಕಂಪನಿಗಳು ಪ್ರತಿ ಅಳತೆಯ ಮುಂದೆಯೂ ಇಷ್ಟರಿಂದ ಇಷ್ಟು ಕಿಲೋವರೆಗೆ ಎಂದು ಪಟ್ಟಿ ಕೊಡುತ್ತವೆ. ನಮ್ಮವಳ ತೂಕ ಆ ಪಟ್ಟಿಯ ನಡುವೆ ಬೀಳುವ ಹಲಗೆಯನ್ನು ಹುಡುಕಬೇಕೇ ವಿನಾ ಕೆಳಗಿನ ಕೊನೆಯಲ್ಲಿ ಜೋತುಬೀಳುವಂಥದನ್ನಲ್ಲ. ಬೆಟ್ಟವಿಳಿಯುವುದೇ ಮುಖ್ಯವಾದರೆ ತುಸು ಉದ್ದ, ನೆಗೆದು ತಿರುಗುವುದು ಮುಖ್ಯವಾದರೆ ಅದಕ್ಕಿಂತ ಎರಡು ಮೂರು ಸೆಂಟಿಮೀಟರು ಗಿಡ್ಡ.

ಫ್ರೀಸ್ಟೈಲಿಗೆ ಇನ್ನೊಂದು ಲಕ್ಷಣ ಬೇಕು. ಹಲಗೆಯ ಮೂತಿಯೂ ಬಾಲವೂ ಆಕಾರದಲ್ಲಿಯೂ ಬಿಗುವಿನಲ್ಲಿಯೂ ಒಂದೇ ಆಗಿರಬೇಕು, ಕಾಲಿಡುವ ಜಾಗ ನಟ್ಟನಡುವೆ ಇರಬೇಕು. ಇದನ್ನು ‘ಟ್ರೂ ಟ್ವಿನ್’ ಎನ್ನುತ್ತಾರೆ. ಗಾಳಿಯಲ್ಲಿ ಅರ್ಧ ಸುತ್ತು ಸುತ್ತಿ ಹಿಂದುಮುಂದಾಗಿ ಇಳಿದಾಗ ಹಲಗೆಗೆ ಹಿಂದು ಯಾವುದು, ಮುಂದು ಯಾವುದು ಎಂಬ ಭೇದ ಇರಬಾರದಷ್ಟೆ.

ಬಾಗಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು. ಹಲಗೆಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ನಡು ಮೇಲೆದ್ದು ಎರಡು ತುದಿಗಳ ಬಳಿ ನೆಲ ಮುಟ್ಟಿದರೆ ಅದು ಕ್ಯಾಂಬರ್. ಮೇಜಿನ ಮೇಲೆ ಬೋರಲಾಗಿಟ್ಟ ಬಿಲ್ಲಿನಂತೆ. ನಡು ನೆಲಕ್ಕೆ ತಾಗಿ ತುದಿಗಳು ಮೇಲೆದ್ದರೆ ರಾಕರ್, ತೊಟ್ಟಿಲಿನ ಅಡಿಯಂತೆ. ಬಿಲ್ಲಿನ ಬಾಗು ಚೆನ್ನಾಗಿ ಚಿಮ್ಮುತ್ತದೆ, ಅಂಚು ಗಟ್ಟಿಯಾಗಿ ಹಿಡಿಯುತ್ತದೆ. ಬಲ್ಲವರು ಬಹಳ ಮಂದಿ ಇದನ್ನೇ ಬಯಸುತ್ತಾರೆ. ಆದರೆ ಅದನ್ನು ನೆಲಕ್ಕೆ ಒತ್ತಿ ಚಪ್ಪಟೆಯಾಗಿಸಲು ಮೇಲೆ ಭಾರ ಬೇಕು. ಭಾರ ಸಾಲದಿದ್ದರೆ ನಡು ಎದ್ದೇ ಇರುತ್ತದೆ, ತುದಿಗಳು ಮಾತ್ರ ಹಿಮವನ್ನು ಕಚ್ಚುತ್ತವೆ, ಎಚ್ಚರ ತಪ್ಪಿದ ಗಳಿಗೆಯಲ್ಲಿ ಕೆಳಗಣ ಅಂಚು ಸಿಕ್ಕಿಕೊಂಡು ಆಳನ್ನು ಒಗೆದುಬಿಡುತ್ತದೆ. ಮೇಘನಾ ಬಿದ್ದದ್ದು ಹೀಗೆಯೇ. ತೊಟ್ಟಿಲಿನ ಬಾಗು ಇದಕ್ಕೆ ವಿರುದ್ಧ. ತಪ್ಪನ್ನು ಕ್ಷಮಿಸುತ್ತದೆ, ಸಲೀಸಾಗಿ ತಿರುಗುತ್ತದೆ. ಆದರೆ ಗಟ್ಟಿಹಿಮದ ಮೇಲೆ ಹಿಡಿತ ಸಾಲದು, ಚಿಮ್ಮುವಿಕೆಯೂ ಸಪ್ಪೆ. ಈಚಿನ ವರ್ಷಗಳಲ್ಲಿ ಎರಡನ್ನೂ ಬೆರೆಸಿ, ಪಾದಗಳ ಕೆಳಗೆ ಬಿಲ್ಲು, ತುದಿಗಳ ಬಳಿ ತೊಟ್ಟಿಲು ಇರುವಂತೆ ಮಾಡುತ್ತಾರೆ. ಹಗುರವಾದ ಮೈಯವಳು, ಎರಡನೆಯ ವರ್ಷದ ವಿದ್ಯಾರ್ಥಿನಿ, ನೆಗೆಯುವ ಆಸೆಯವಳು: ಇವಳಿಗೆ ಈ ಮಿಶ್ರಬಾಗೇ ಒಳ್ಳೆಯದೆಂದು ನಾನು ತೀರ್ಮಾನಿಸಿದೆ. ಬಿಗುವು ಹತ್ತರಲ್ಲಿ ಮೂರೋ ನಾಲ್ಕೋ ಇರಲಿ ಎಂದೆ. ಈ ಅಂಕಿಗಳನ್ನು ಮಾತ್ರ ವೇದವಾಕ್ಯವೆಂದು ತಿಳಿಯಬೇಡಿ. ಪರೀಕ್ಷೆಯ ಮೌಲ್ಯಮಾಪಕರಂತೆ ಒಂದೊಂದು ಕಂಪನಿಯೂ ತನ್ನದೇ ಕೈಯಲ್ಲಿ ಅಂಕ ಕೊಡುತ್ತದೆ. ಒಬ್ಬರ ನಾಲ್ಕು ಇನ್ನೊಬ್ಬರ ಆರಾಗಿರಬಹುದು.

ಫೆಬ್ರವರಿಯ ಕೊನೆಗೆ ಕೈಕಟ್ಟು ಬಿಚ್ಚಿ ಮೂರು ವಾರವಾಗಿತ್ತು. ಅಂಗಡಿಗಳಲ್ಲಿ ಋತುವಿನ ಕೊನೆಯ ರಿಯಾಯಿತಿ ಮೊದಲಾಗಿತ್ತು. ಮೇಘನಾ ಒಂದು ಅಂಗಡಿಗೆ ಹೋಗಿ ನನ್ನನ್ನು ಫೋನಿನ ಪರದೆಯ ಮೂಲಕ ಒಳಗೆ ಕರೆದುಕೊಂಡಳು. ಅಲ್ಲಿ ಮಧ್ಯಾಹ್ನ, ಇಲ್ಲಿ ರಾತ್ರಿ ಎರಡು ಗಂಟೆ. ಮಫ್ಲರ್ ಸುತ್ತಿಕೊಂಡು ಮೈಸೂರಿನ ಹಜಾರದಲ್ಲಿ ಕುಳಿತು ನಾನು ಡೆನ್ವರಿನಲ್ಲಿ ಹಲಗೆ ವ್ಯಾಪಾರ ಮಾಡಿದೆ.

ಅಂಗಡಿಯ ತರುಣ ಒಳ್ಳೆಯವನೇ. ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಮೊದಲು ತೋರಿಸಿದ್ದು ಮಕ್ಕಳ ಹಲಗೆ, 135. ಬೆಲೆಯೂ ಕಡಿಮೆ. ಇದನ್ನು ಅವಮಾನವೆಂದು ತಳ್ಳಿಹಾಕಬಾರದು. ಕೇವಲ ಜಾರಲು ಕಲಿಯುವ ಮೊದಲ ವರ್ಷಕ್ಕೆ ಚಿಕ್ಕ ಮೈಯವರಿಗೆ ಅದು ಸಾಕು. ಆದರೆ ಮಕ್ಕಳ ಹಲಗೆಯನ್ನು ಸಾಮಾನ್ಯವಾಗಿ ಬಹಳ ಮೆತ್ತಗೆ, ಸರಳವಾಗಿ ಕಟ್ಟಿರುತ್ತಾರೆ. ಬೆಳೆದವಳೊಬ್ಬಳು ದಿಬ್ಬದಿಂದ ನೆಗೆದು ಇಳಿಯುವ ಪೆಟ್ಟನ್ನು ಎಣಿಸಿ ಮಾಡಿದ್ದಲ್ಲ. ಎರಡನೆಯದು ಹೆಂಗಸರ ವಿಭಾಗದ 146, ಗುಲಾಬಿ ಬಣ್ಣ, ಹಕ್ಕಿಯ ಚಿತ್ರ. ನೋಡಲು ಬಲು ಚೆಂದ; ತೂಕದ ಪಟ್ಟಿ ಓದಿಸಿದೆ, ನಮ್ಮವಳು ಅದರ ಕೆಳಗಿನ ಗೆರೆಗೂ ಮುಟ್ಟುತ್ತಿರಲಿಲ್ಲ. ‘ಹೆಂಗಸರದು’ ಎಂಬ ಚೀಟಿ ಒಂದರಿಂದಲೇ ಏನೂ ತೀರ್ಮಾನವಾಗದು. ಅರವತ್ತೈದು ಕಿಲೋದ ಹೆಂಗಸೂ ಹೆಂಗಸೇ.

ಮೂರನೆಯದು 139. ಮೂತಿ ಬಾಲ ಒಂದೇ, ನಡು 23 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು, ಮಿಶ್ರಬಾಗು. ಬಣ್ಣ ಮಾತ್ರ ಹಳೆಯ ಸರ್ಕಾರಿ ಕಡತದ ರಟ್ಟಿನಂತೆ ಮಂಕು. “ಬಾಲವನ್ನ ನೆಲಕ್ಕಿಟ್ಟು, ಮೂತಿಯನ್ನ ಒಂದು ಕೈಲಿ ಹಿಡಿದು, ನಡುವಿಗೆ ಇನ್ನೊಂದು ಕೈ ಒತ್ತು” ಎಂದೆ. ಒತ್ತಿದಳು, ಬಾಗಿತು. “ಈಗ ಮೂತಿಯನ್ನ ಹಿಡಿದು ತಿರುಚು.” ತಿರುಚಿತು. ಅದೇ ಪರೀಕ್ಷೆಯನ್ನು ಪಕ್ಕದ 146ರ ಮೇಲೆ ಮಾಡಿಸಿದೆ. ಕೈ ಒತ್ತಿದವಳು ಸುಮ್ಮನೆ ನನ್ನ ಮುಖ ನೋಡಿದಳು.

“ಮಾಮ,” ಎಂದಳು ಸ್ವಲ್ಪ ಹೊತ್ತಿನ ಮೇಲೆ, “ಡಿಸೆಂಬರಿನದು ಇದಕ್ಕಿಂತಲೂ ಗಟ್ಟಿ ಇತ್ತು.”

ಆ ಒಂದು ವಾಕ್ಯದಲ್ಲಿ ಅವಳ ಪ್ರಶ್ನೆಗೆ ಅವಳೇ ಉತ್ತರ ಕಂಡುಕೊಂಡಿದ್ದಳು.

ಉಳಿದದ್ದು ಬೇಗ ಮುಗಿಯಿತು. ಬೈಂಡಿಂಗ್ ಚಿಕ್ಕ ಅಳತೆಯದು, ಮೆತ್ತನೆಯದು. ಹಲಗೆ ಸರಿಯಿದ್ದು ಬೈಂಡಿಂಗಿನ ಅಡಿತಟ್ಟೆ ದೊಡ್ಡದಾದರೆ ಹಲಗೆ ಮತ್ತೆ ಮರದ ದಿಮ್ಮಿಯೇ. ಕಾಲುಗಳ ನಡುವಣ ಅಂತರ ಭುಜದ ಅಗಲಕ್ಕಿಂತ ತುಸು ಹೆಚ್ಚು. ಉದ್ದದ ಹಲಗೆಗಳ ತೂತುಗಳು ಚಿಕ್ಕ ಮೈಯವರಿಗೆ ಎಷ್ಟೋ ಸಲ ತೀರ ದೂರದೂರ ಬೀಳುತ್ತವೆ. ಪಾದಗಳು ಎರಡು ಕಡೆಗೂ ಹದಿನೈದು ಡಿಗ್ರಿ ಹೊರಮುಖ, ನಮ್ಮ ಬಾತುಕೋಳಿಯ ನಡಿಗೆಯಂತೆ. ಕಂಬಿ ಪೆಟ್ಟಿಗೆಗಳ ಮೇಲೆ ಜಾರುವಾಗ ಸಿಕ್ಕಿಕೊಳ್ಳದಿರಲೆಂದು ತುದಿಗಳ ಬಳಿ ಉಕ್ಕಿನ ಅಂಚನ್ನು ಅರದಿಂದ ತುಸು ಮೊಂಡು ಮಾಡಿಸಿದ್ದಾಯಿತು. ಬೂಟಿನಲ್ಲಿ ಮಾತ್ರ ಜಿಪುಣತನ ಬೇಡವೆಂದೆ. ಹಿಮ್ಮಡಿ ಮೇಲೇಳುವ ಬೂಟಿನಲ್ಲಿ ಯಾವ ಹಲಗೆಯೂ ಮಾತು ಕೇಳುವುದಿಲ್ಲ. ನಾನು ಕಟ್ಟುನಿಟ್ಟಾಗಿ ಹಾಕಿದ ಷರತ್ತುಗಳು ಎರಡು: ತಲೆಗೆ ಹೆಲ್ಮೆಟ್ಟು, ಮಣಿಕಟ್ಟಿಗೆ ರಕ್ಷಾಪಟ್ಟಿ. ಈ ಆಟ ಕಲಿಯುವವರು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸಿಕೊಳ್ಳುವುದು ಮಣಿಕಟ್ಟನ್ನೇ. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಕ್ಕನನ್ನು ಒಪ್ಪಿಸುವ ಕೆಲಸ ಉಳಿಯಿತು. ಭಾನುವಾರ ಅವಳ ಮನೆಗೆ ಹೋದೆ. ಕಾಫಿ ಕೊಟ್ಟಳು, ಮುಖ ಕೊಡಲಿಲ್ಲ.

“ಬುದ್ಧಿ ಹೇಳು ಅಂದರೆ ಹಲಗೆ ಕೊಡಿಸಿ ಬಂದೆಯಲ್ಲೋ!”

ನಾನು ಜಪಾನಿನ ಕೊಕೊಮೊ ಮುರಾಸೆಯ ವಿಷಯ ಹೇಳಿದೆ. 2018ರಲ್ಲಿ ನಾರ್ವೆಯಲ್ಲಿ ನಡೆದ ಎಕ್ಸ್ ಗೇಮ್ಸ್‌ನಲ್ಲಿ ದೊಡ್ಡ ನೆಗೆತದ ಸ್ಪರ್ಧೆಯ ಚಿನ್ನ ಗೆದ್ದಾಗ ಅವಳಿಗೆ ಹದಿಮೂರು ವರ್ಷ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು. ಇವಳೇನೂ ಆಳೆತ್ತರದ ದೇಶದವಳಲ್ಲ, ದೈತ್ಯದೇಹಿಯೂ ಅಲ್ಲ. ಅಕ್ಕ ಕೇಳಿಸಿಕೊಂಡಳು, ಕರಗಲಿಲ್ಲ. ಪರರ ಮಕ್ಕಳ ಪದಕದಿಂದ ತಮ್ಮ ಮಕ್ಕಳ ಮೂಳೆ ಗಟ್ಟಿಯಾಗುವುದಿಲ್ಲವೆಂಬುದು ಎಲ್ಲ ತಾಯಂದಿರಿಗೂ ಗೊತ್ತು. ಆಮೇಲೆ ಅಡಿಪಟ್ಟಿ ತಂದು ಊಟದ ಮೇಜಿನ ಅಂಚಿಗೆ ಒತ್ತಿಹಿಡಿದೆ. ಉದ್ದಕ್ಕೆ ಚಾಚಿ ಮೀಟಿಸಿದೆ, ಗಿಡ್ಡ ಮಾಡಿ ಮೀಟಿಸಿದೆ. ಅಕ್ಕ ಎರಡನೆಯ ಸಲ ತಾನೇ ಮೀಟಿ ನೋಡಿದಳು.

“ಅಂದರೆ, ಅವಳ ತಪ್ಪಲ್ಲ ಅಂತಲೋ?”

“ಅವಳ ತಪ್ಪಲ್ಲ ಅಕ್ಕ.”

“ಅಳತೆ ನೋಡದೆ ಕಟ್ಟಿಕೊಂಡಳಲ್ಲ, ಅದು ತಪ್ಪೇ” ಎಂದು ಅಡಿಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಎರಡನೆಯ ಲೋಟ ಕಾಫಿ ತರಲು ಒಳಗೆ ಹೋದಳು.

ಮಾರ್ಚಿ ಮೂರನೆಯ ವಾರದಲ್ಲಿ ಹನ್ನೊಂದು ಸೆಕೆಂಡಿನ ಒಂದು ಚಿತ್ರ ಬಂದಿತು. ಮಂಕು ಬಣ್ಣದ ಹಲಗೆಯ ಮೇಲೆ ಪುಟ್ಟ ಆಕೃತಿಯೊಂದು ಇಳಿಜಾರಿನಲ್ಲಿ ಬಂದು, ಮೊಣಕಾಲು ಮಡಿಸಿ, ಮಂಡಿಯೆತ್ತರದ ಹಿಮದ ದಿಬ್ಬದಿಂದ ಚಿಮ್ಮಿ, ಅರ್ಧ ಸುತ್ತು ತಿರುಗಿ, ಹಿಂದುಮುಂದಾಗಿ ಇಳಿದು ಸ್ವಲ್ಪ ದೂರ ಸಾಗುತ್ತದೆ. ಆಮೇಲೆ ಕುಳಿತೇಬಿಡುತ್ತದೆ, ನಗು ಕೇಳಿಸುತ್ತದೆ. ಅದನ್ನು ಅಕ್ಕನಿಗೆ ಕಳುಹಿಸಿದೆ. ಅರ್ಧ ಗಂಟೆ ಉತ್ತರವಿರಲಿಲ್ಲ. ಕೊನೆಗೆ ಫೋನು ಬಂತು.

“ಮೂರು ಸಲ ನೋಡಿದೆ ಕಣೋ. ಕೈಗೆ ಪಟ್ಟಿ ಹಾಕಿಕೊಂಡಿದ್ದಾಳೋ ಇಲ್ಲವೋ ಕಾಣಿಸೋದೇ ಇಲ್ಲ. ನೀನೊಂದು ಸಲ ಸರಿಯಾಗಿ ನೋಡಿ ಹೇಳು.”